ಟೀ ಗ್ಲಾಸಿಗೆ ದೂರು ಕೊಟ್ಟೆ, ಮೀಟರ್ ವಿಷಯಕ್ಕೆ ಸುಮ್ಮನಿದ್ದೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಡೆ) ಮಾಲು ಒಳಗೆ ಬರುವ ಕಡೆ ನನ್ನ ಟೇಬಲ್. ಚೀಲ ಎಣಿಸಿ, ತೂಕ ಬರೆದು, ಸ್ಲಿಪ್ ಕೊಡುವುದು ನನ್ನ ಕೆಲಸ. ಪಕ್ಕದಲ್ಲಿ ಮಾಯಿಶ್ಚರ್, ಅಂದರೆ ಕಾಫಿಯಲ್ಲಿ ಉಳಿದ ತೇವ, ನೋಡುವವರು ನನಗಿಂತ ಹತ್ತು ವರ್ಷ ಸೀನಿಯರ್. ಅಣ್ಣ ಅಂತಲೇ ಕರೆಯುತ್ತೇನೆ.

ಅಣ್ಣನಿಗೆ ಒಂದು ಚಾಳಿ. ಟೀ ಗ್ಲಾಸನ್ನು ನನ್ನ ರಿಜಿಸ್ಟರ್ ಮೇಲೇ ಇಡೋದು. (ಕಾಫಿ ರಾಶಿ ಮಧ್ಯೆ ಕೂತು ನಾವು ಕುಡಿಯೋದು ಟೀ, ನಗಬೇಡಿ.) ಪುಟಕ್ಕೊಂದು ಉಂಗುರ. ಸಾಲದ್ದಕ್ಕೆ ಸಂಜೆ ಸ್ಲಿಪ್‌ಗಳಿಗೆ ಸಹಿ ಹಾಕದೆ ಎದ್ದು ಹೋಗುತ್ತಿದ್ದರು. ನಾನು ಸೇರಿದ ಮೊದಲ ಸೀಸನ್. ಜನವರಿ, ಅರೇಬಿಕಾ ಮುಗಿದಿಲ್ಲ, ರೊಬಸ್ಟಾ ಶುರುವಾಗಿದೆ, ಗೇಟಿನ ಹೊರಗೆ ಗಾಡಿಗಳ ಸಾಲು. ಒಂದು ದಿನ ತಲೆ ಕೆಟ್ಟು ನೇರ ಮ್ಯಾನೇಜರ್ ಹತ್ತಿರ ಹೋದೆ. ಅಣ್ಣನಿಗೆ ಅಲ್ಲೀವರೆಗೆ ಒಂದು ಮಾತೂ ಹೇಳಿರಲಿಲ್ಲ.

ಸರ್ ಹಮಾಲರ ಎದುರೇ ಇಬ್ಬರನ್ನೂ ಕರೆದರು. "ಏನ್ರೀ ಇದು, ಸ್ಕೂಲ್ ಮಕ್ಕಳಾ ನೀವು?" ಮಾರನೇ ದಿನದಿಂದ ಗ್ಲಾಸ್ ಇಲ್ಲ, ಸಹಿ ಹೊತ್ತಿಗೆ ಸರಿಯಾಗಿ. ಮಾತೂ ಇಲ್ಲ. ಮೊದಲೆಲ್ಲಾ "ಅಮ್ಮಾ, ಆ ಲಾಟಲ್ಲಿ ಎರಡು ಚೀಲ ಒದ್ದೆ ಇದೆ, ಬೇರೆ ಬರ್ಕೋ" ಅಂತ ಕೂಗಿ ಹೇಳುತ್ತಿದ್ದವರು, ಸ್ಲಿಪ್ ತಳ್ಳಿ ಮುಖ ತಿರುಗಿಸತೊಡಗಿದರು. ಆ ಕೂಗು ನನ್ನ ಎಷ್ಟು ತಪ್ಪು ತಡೆಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಆ ಸೀಸನ್ ಪೂರ್ತಿ ಹಾಗೇ ಕಳೆಯಿತು.

ಇನ್ನು ಏನೇ ಆದರೂ ಸರ್ ಹತ್ತಿರ ಹೋಗಲ್ಲ ಅಂತ ಅಂದುಕೊಂಡೆ. ಇದೂ ತಪ್ಪೇ.

ಮಾಯಿಶ್ಚರ್ ಮೀಟರಿನಲ್ಲಿ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಒಂದು ಸೆಟ್ಟಿಂಗ್, ಚೆರ್ರಿಗೆ (ಸಿಪ್ಪೆ ಸಮೇತ ಒಣಗಿಸಿದ್ದು) ಇನ್ನೊಂದು. ಬದಲಾಯಿಸದಿದ್ದರೆ ಅಂಕಿ ತಪ್ಪು ಬರುತ್ತದೆ. ಟಾರ್ಪಾಲ್ ಕೆಳಗೆ ಕಾದ ಕಾಯಿಯನ್ನು ಆರಲು ಬಿಡದೆ ಹಾಕಿದರೂ ಅಷ್ಟೇ. ಮುಂದಿನ ವರ್ಷ ರಶ್‌ನಲ್ಲಿ ಅಣ್ಣ ಎಲ್ಲವನ್ನೂ ಒಂದೇ ಸೆಟ್ಟಿಂಗಲ್ಲಿ ನೋಡುತ್ತಿದ್ದರು. ಎರಡು ಸಲ ಮೆಲ್ಲಗೆ ಹೇಳಿದೆ. "ಬಿಡಮ್ಮಾ, ಒಂದೆರಡು ಪಾಯಿಂಟಲ್ಲಿ ಏನಿದೆ" ಅಂದರು. ಬಿಟ್ಟೆ. ಮತ್ತೆ ಮಾತು ಬಿಟ್ಟರೆ ಅನ್ನೋ ಭಯ.

ಆಮೇಲೆ ಆಲ್ದೂರು ಕಡೆಯ ಬೆಳೆಗಾರರೊಬ್ಬರು 40 ಚೀಲ ರೊಬಸ್ಟಾ ಚೆರ್ರಿ ತಂದರು. 11 ಪರ್ಸೆಂಟ್ ಇರಬೇಕಾದದ್ದು 13 ತೋರಿಸಿತು. ಅವರು ಒಂದು ಹಿಡಿ ಕಾಯಿ ತೆಗೆದು ನನ್ನ ಕಿವಿ ಹತ್ತಿರ ಅಲ್ಲಾಡಿಸಿದರು. "ಕೇಳಿಸ್ತದಾ ಮೇಡಮ್? ಹಸಿ ಕಾಯಿ ಹೀಗೆ ಗಲಗಲ ಅಂತದಾ?"

ತೇವ ಹೆಚ್ಚು ತೋರಿಸಿದಷ್ಟೂ ತೂಕದಲ್ಲಿ ಕಡಿತ. ಚೀಲಕ್ಕೆ 50 ಕೆಜಿ, 40 ಚೀಲಕ್ಕೆ 2000. ಒಂದು ಪರ್ಸೆಂಟ್ ಅಂದರೆ 20 ಕೆಜಿ, ಎರಡಕ್ಕೆ 40. ಹೆಚ್ಚುಕಮ್ಮಿ ಒಂದು ಚೀಲ ಕಾಫಿ. ನಾನು ಅಣ್ಣನ ಮುಖ ನೋಡಿ ಸುಮ್ಮನಿದ್ದುದಕ್ಕೆ ಇವರ ಚೀಲ ಹೋಗಬೇಕಾ?

"ಅಣ್ಣ, ಇದನ್ನ ಸರ್‌ಗೆ ಹೇಳ್ತೀನಿ. ನೀವೂ ಬನ್ನಿ," ಅಂದೆ. ಗೊಣಗಿಕೊಂಡೇ ಬಂದರು. ಸರ್ ಎದುರು ಯಾರ ಹೆಸರೂ ಎತ್ತಲಿಲ್ಲ. ಸ್ಲಿಪ್ ಇಟ್ಟು, "ಸಾಲು ಉದ್ದ ಇದ್ದಾಗ ಸೆಟ್ಟಿಂಗ್ ಬದಲಾಯಿಸೋಕೆ ಪುರುಸೊತ್ತು ಸಿಗ್ತಿಲ್ಲ ಸರ್" ಅಂದೆ. ಕಾಯಿ ಆರಿದ ಮೇಲೆ ಸೆಟ್ಟಿಂಗ್ ಬದಲಾಯಿಸಿ ಮತ್ತೆ ನೋಡಿದರೆ 11ರ ಹತ್ತಿರವೇ ಇತ್ತು. ಚೆರ್ರಿಗೆ ಅಂತಲೇ ಇನ್ನೊಂದು ಮೀಟರ್ ಬಂತು. ಅದಕ್ಕೂ ಮೊದಲು ಹೋದ ಲಾಟುಗಳ ನೆನಪಾದರೆ ಈಗಲೂ ಕಸಿವಿಸಿ.

ಹೊಸದಾಗಿ ಸೇರಿದ ಹುಡುಗಿಯರು ಈಗ ನನ್ನನ್ನು ಕೇಳುತ್ತಾರೆ, ಸರ್‌ಗೆ ಹೇಳೋಣ್ವಾ ಬೇಡ್ವಾ ಅಂತ. ನಷ್ಟ ಯಾರಿಗೆ ಅಂತ ನಾನು ತಿರುಗಿ ಕೇಳುತ್ತೇನೆ. ಬರೀ ನಿನ್ನ ಸಿಟ್ಟಾದರೆ ಮೊದಲು ಅವರ ಹತ್ತಿರವೇ ಹೇಳು, ಅದೂ ಊಟ ಆದ ಮೇಲೆ. ಮೈ ಮುಟ್ಟೋದು, ಕೊಳಕು ಮಾತು ಆಡೋದು ಮಾತ್ರ ಈ ಲೆಕ್ಕಕ್ಕೇ ಬರಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಂತೆ 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಅದಕ್ಕೆ ಕಮಿಟಿ ಇರಲೇಬೇಕು, ಸೀದಾ ಅಲ್ಲಿಗೇ.

ಅಣ್ಣ ಈಗ ಮತ್ತೆ ಕೂಗಿ ಹೇಳುತ್ತಾರೆ. ಟೀ ಗ್ಲಾಸೂ ರಿಜಿಸ್ಟರ್ ಮೇಲೆ ವಾಪಸ್ ಬಂದಿದೆ. ಹಳೇ ಕ್ಯಾಲೆಂಡರ್ ಹಾಳೆ ಹರಿದು ಬೈಂಡ್ ಹಾಕಿಟ್ಟಿದ್ದೇನೆ.