ಬೋರಲಾದ ಹಾಳೆ

ಮೊನ್ನೆ ರಾತ್ರಿಯಿಂದ ಒಂದೇ ದೃಶ್ಯ ಕಣ್ಣಿಗೆ ಕಟ್ಟಿದೆ. ಟ್ರಂಪೆಟ್ ಹಿಡಿದು ಎದ್ದು ನಿಂತ ಹುಡುಗನ ನೋಟ ಸ್ವರಲಿಪಿಯ ಹಾಳೆಗೆ ಅಂಟಿಕೊಂಡಿತ್ತು. ಪಕ್ಕದ ಹಿರಿಯ ಸ್ಯಾಕ್ಸೋಫೋನ್ ವಾದಕರು ಕೈಚಾಚಿ ಆ ಹಾಳೆಯನ್ನು ಬೋರಲು ಹಾಕಿಬಿಟ್ಟರು. ಹುಡುಗ ಗಟ್ಟಿಯಾಗಿ ಉಸಿರೆಳೆದುಕೊಂಡ. ಆಮೇಲೆ ನುಡಿಸಿದ.

ಮ್ಯಾನ್‌ಹಟನ್ನಿನ ಆ ನೆಲಮಾಳಿಗೆಯಲ್ಲಿ ಅಂದು ಮಿಂಗಸ್ ಬಿಗ್ ಬ್ಯಾಂಡ್ ಎಂಬ ಜಾಝ್ ತಂಡದ ಕಛೇರಿ. 1959ರಲ್ಲಿ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ತೀರಿಕೊಂಡಾಗ ಜಾಝ್ ಬಾಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್ ಕಟ್ಟಿದ ಕೃತಿ 'ಗುಡ್‌ಬೈ ಪೋರ್ಕ್ ಪೈ ಹ್ಯಾಟ್' ನಡೆಯುತ್ತಿತ್ತು. ಮಿಂಗಸ್ ಹೋಗಿದ್ದು 1979ರಲ್ಲಿ, 56ರ ವಯಸ್ಸಿಗೆ. ಈ ಹುಡುಗ ಹುಟ್ಟುವ ಎಷ್ಟೋ ವರ್ಷ ಮೊದಲು.

ವಿರಾಮದಲ್ಲಿ ಆ ಹಿರಿಯರನ್ನು ಕೇಳಿಯೇಬಿಟ್ಟೆ: "ಅವನು ತಪ್ಪಿದ್ದರೆ?"

"ತಪ್ಪಲಿ. ಅದಕ್ಕೇ ಹದಿನಾಲ್ಕು ಜನ ಇದ್ದೇವೆ."

ಮನೆಗೆ ಮರಳುವ ರೈಲಿನಲ್ಲೂ ಇದೇ ಮಾತು ಕಿವಿಯಲ್ಲಿ. ಮಿಂಗಸ್ ತಮ್ಮ ವಾದಕರಿಗೆ ಎಷ್ಟೋ ಬಾರಿ ಹಾಳೆ ಕೊಡದೆ, ಹಾಡಿ, ಪಿಯಾನೊ ನುಡಿಸಿ ಪಾಠ ಹೇಳುತ್ತಿದ್ದರು. ಬಾಯಿಂದ ಕಿವಿಗೆ. ಮೈಸೂರಿನಲ್ಲಿ ನನ್ನ ಸಂಗೀತದ ಮೇಷ್ಟ್ರು ಪಾಠದ ಹೊತ್ತಿನಲ್ಲಿ ಪುಸ್ತಕ ಮುಚ್ಚಿಸುತ್ತಿದ್ದುದು ಇದಕ್ಕೇ ಇರಬೇಕು. ಆಗ ಅವರ ಮೇಲೆ ನನಗೆ ಬಹಳ ಸಿಟ್ಟಿತ್ತು.

ಹಾಗೆಂದು ಹಾಳೆಯನ್ನು ಹಗುರವಾಗಿ ಕಾಣುವಂತಿಲ್ಲ. ಮಿಂಗಸ್ ಸತ್ತ ಮೇಲೆ ಅವರ ಕಾಗದಪತ್ರಗಳಲ್ಲಿ 'ಎಪಿಟಾಫ್' ಕೃತಿಯ ರಾಶಿ ಹಾಳೆಗಳು ಸಿಕ್ಕವು. ಎರಡು ಗಂಟೆಗೂ ಮೀರಿದ ಕೃತಿ. 1989ರಲ್ಲಿ ಗುಂಥರ್ ಷುಲರ್ ನಿರ್ದೇಶನದಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಅದು ಮೊದಲ ಸಲ ಇಡಿಯಾಗಿ ಕೇಳಿಬಂತು. ಇದಕ್ಕೆಲ್ಲ ಬೆನ್ನೆಲುಬಾಗಿ ನಿಂತವರು ಅವರ ಪತ್ನಿ ಸೂ ಮಿಂಗಸ್. ಗಂಡನ ಚಿತಾಭಸ್ಮವನ್ನು ಭಾರತಕ್ಕೆ ತಂದು ಗಂಗೆಯಲ್ಲಿ ಬಿಟ್ಟರು. ಗಂಡ ತೀರಿಕೊಂಡ 1979ರಲ್ಲೇ ಅವರ ಸಂಗೀತ ನುಡಿಸಲು ಮೊದಲ ತಂಡ ಕಟ್ಟಿದರು. 1991ರಲ್ಲಿ ಈ ದೊಡ್ಡ ತಂಡವನ್ನು. ಕಳ್ಳಮುದ್ರಣದ ಧ್ವನಿಮುದ್ರಿಕೆಗಳು ಅಂಗಡಿಯಲ್ಲಿ ಕಂಡರೆ ಕಪಾಟಿನಿಂದಲೇ ಎತ್ತಿಕೊಂಡು ನಡೆಯುತ್ತಿದ್ದ ಹೆಂಗಸು. 2022ರಲ್ಲಿ ಅವರೂ ಹೋದರು. ವಿಧವೆಯ ಹಟ ಎಂದು ಅದನ್ನು ಚಿಕ್ಕದು ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಹಟ ಇಲ್ಲದಿದ್ದರೆ ಮೊನ್ನೆಯ ಹುಡುಗನಿಗೆ ನಿಲ್ಲಲು ಜಾಗವೇ ಇರುತ್ತಿರಲಿಲ್ಲ.

ನನ್ನ ಜೊತೆ ಬಂದಿದ್ದ ಗೆಳೆಯರು "ಮೂಲ ಧ್ವನಿಮುದ್ರಣವೇ ಇರುವಾಗ ಇದೇಕೆ?" ಎಂದರು. ಒಳ್ಳೆಯ ಮನುಷ್ಯ, ಆದರೆ ಸಂಗೀತವನ್ನು ದಾಖಲೆ ಎಂದುಕೊಂಡಿದ್ದಾರೆ. ಧ್ವನಿಮುದ್ರಣದಲ್ಲಿ ಯಾರೂ ಯಾರ ಹಾಳೆಯನ್ನೂ ಬೋರಲು ಹಾಕುವುದಿಲ್ಲ.

ಕಛೇರಿ ಮುಗಿದ ಮೇಲೆ ವೇದಿಕೆಯ ಹತ್ತಿರ ಹೋದೆ. ಆ ಹಾಳೆ ಈಗ ನೆಟ್ಟಗಿತ್ತು. ಅಂಚು ಮೆತ್ತಗಾಗಿ ಹರಿದಿದೆ, ಟೇಪು ಹಳದಿ ತಿರುಗಿದೆ. ಮೂರು ನಾಲ್ಕು ಕೈಬರಹದ ಗುರುತುಗಳು: ಇಲ್ಲಿ ಉಸಿರು, ಇಲ್ಲಿ ಮೆಲ್ಲಗೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿ ಒಂದು ಸ್ವರ ಮುಂದಕ್ಕೆ ಹಾಕಿದ್ದಾರೆ. ಹುಡುಗ ಏನನ್ನೋ ಹುಡುಕುತ್ತಿದ್ದ. ಚೀಲದಿಂದ ಪೆನ್ನು ತೆಗೆದು ಕೊಟ್ಟೆ.

"ಪೆನ್ನು ಬೇಡ," ಎಂದ. "ಪೆನ್ಸಿಲ್ ಇದೆಯೇ?"