ಜೋರಾಗಿ ತುಳಿದ್ರೆ ಹಿಡಿಯುತ್ತೆ, ಮೆತ್ತಗೆ ತುಳಿದ್ರೆ ಇಳಿಯುತ್ತೆ

ಹಳೇ ಗಾಡಿ ಬ್ರೇಕ್ ಕಂಪ್ಲೇಂಟ್ ಅಂತ ಬಂದ್ರೆ ನಮ್ಮ ಗ್ಯಾರೇಜಲ್ಲಿ ಗೊತ್ತಿರೋದು ಒಂದೇ ದಾರಿ: ಏರ್ (ಬ್ರೇಕ್ ಆಯಿಲ್ ಪೈಪಲ್ಲಿ ಸೇರ್ಕೊಂಡ ಗಾಳಿ) ತೆಗಿ, ಟ್ರಯಲ್ ಹೋಗು, ಡೆಲಿವರಿ ಕೊಡು. ಹೋದ ಮಳೆಗಾಲದಲ್ಲಿ ಬಂದ 2002ರ ಮಾರುತಿ ಝೆನ್ ಕಾರು ನೆನೆಸ್ಕೊಂಡ್ರೆ ಇವತ್ತಿಗೂ ಕೋಪ ಬರುತ್ತೆ.

ಗಾಡಿ ಒಬ್ರು ರಿಟೈರ್ಡ್ ಮೇಷ್ಟ್ರದ್ದು. "ಸಿಗ್ನಲ್ಲಲ್ಲಿ ಕಾಲಿಟ್ಕೊಂಡು ನಿಂತ್ರೆ ಪೆಡಲ್ ಹಂಗೇ ಕೆಳಗೆ ಹೋಗುತ್ತಪ್ಪ, ಎರಡು ಸಲ ಹೊಡೆದ್ರೆ ಮೇಲೆ ಬರುತ್ತೆ" ಅಂತ ಬಿಡಿಸಿ ಹೇಳಿದ್ರು. ಜಾಬ್ ಕಾರ್ಡಲ್ಲಿ ಇಳಿದಿದ್ದು ಬರೀ "ಬ್ರೇಕ್ ಚೆಕ್". ಸೂಪರ್‌ವೈಸರ್ ಟ್ರಯಲ್ ಹೋಗಿ ಜೋರಾಗಿ ಬ್ರೇಕ್ ಹೊಡೆದ್ರು, ಗಾಡಿ ಕಚ್ಕೊಂಡು ನಿಲ್ತು, ಏರ್ ಇರ್ಬೇಕು ತೆಗೀರಿ ಅಂದ್ರು. ತೆಗೆದ್ವಿ. ಚಕ್ರದ ಹತ್ರ ಏರ್ ಬಿಡೋ ನಿಪ್ಪಲ್ಲಲ್ಲಿ ಬ್ರೇಕ್ ಆಯಿಲ್ ಡಿಕಾಕ್ಷನ್ ಥರ ಬಂತು, ಗುಳ್ಳೆ ಮಾತ್ರ ಒಂದೂ ಬರ್ಲಿಲ್ಲ. ಗುಳ್ಳೆ ಬರ್ದೇ ಇದ್ರೆ ಏರ್ ಎಲ್ಲಿಂದ ಬಂತು?

ಮೇಷ್ಟ್ರು ಮಾರನೇ ದಿನ ಬೆಳಿಗ್ಗೆ ಹೆಂಡ್ತಿ ಮೊಮ್ಮಗಳ ಜೊತೆ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟಿದ್ರು. ಬಿಲ್ ಆಗಿತ್ತು, ವಾಷಿಂಗೂ ಆಗಿತ್ತು. ಸಾರ್ ಹತ್ತು ನಿಮಿಷ ಕೊಡಿ ಅಂತ ಕೇಳಿ ಸೀಟಲ್ಲಿ ಕೂತು ಇಂಜಿನ್ ಆನ್ ಮಾಡಿ ಪೆಡಲ್ ಮೇಲೆ ಕಾಲು ಸುಮ್ನೆ ಇಟ್ಟೆ, ಸಿಗ್ನಲ್ಲಲ್ಲಿ ಇಡೋವಷ್ಟೇ ಭಾರ. ಕಾಲಿಟ್ಕೊಂಡೇ ಸ್ಟಾರ್ಟ್ ಮಾಡಿದ್ರೆ ಪೆಡಲ್ ಸ್ವಲ್ಪ ಒಳಗೆ ಹೋಗಿ ನಿಲ್ಲುತ್ತೆ, ಅದು ಕಾಲಿನ ಒತ್ತಡ ಹೆಚ್ಚಿಸೋ ಬೂಸ್ಟರ್ ಕೆಲಸ, ಅದಕ್ಕೆ ಹೆದರ್ಬೇಡಿ. ಆಮೇಲೆ ಏನೂ ಇಲ್ಲ. ಸೂಪರ್‌ವೈಸರ್ ಬಾಗಿಲ ಹತ್ರ ನಿಂತು ಆಯ್ತಾ ಆಯ್ತಾ ಅಂತಿದ್ರು. ಕಾಲು ತೆಗೀಲಿಲ್ಲ. ಅರ್ಧ ನಿಮಿಷ ಆಗಿರ್ಬೇಕು, ಪಾದದ ಕೆಳಗೆ ಪೆಡಲ್ ಜಾರೋಕೆ ಶುರುವಾಯ್ತು, ನಿಧಾನಕ್ಕೆ, ತಡೆ ಇಲ್ದೆ, ಮ್ಯಾಟ್ ಮುಟ್ಟೋವರೆಗೂ.

ಡಬ್ಬೀಲಿ ಆಯಿಲ್ ಲೆವೆಲ್ ಇಳಿದಿರ್ಲಿಲ್ಲ. ನಾಲ್ಕೂ ಚಕ್ರದ ಹಿಂದೆ ಒಣಗಿತ್ತು, ಡ್ರಮ್ ಬಿಚ್ಚಿ ವೀಲ್ ಸಿಲಿಂಡರ್ ರಬ್ಬರ್ ಎತ್ತಿ ನೋಡಿದ್ರೆ ಅಲ್ಲೂ ಪಸೆ ಇಲ್ಲ. ಹೋಸ್‌ಗಳಿಗೆಲ್ಲ ಕ್ಲಾಂಪ್ ಹಾಕಿ ಮತ್ತೆ ಕಾಲಿಟ್ಟೆ, ಆಗ್ಲೂ ಇಳೀತು. ಇನ್ನೇನು ಉಳೀತು, ಪೆಡಲ್ ತುಳಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಒಳಗೇ ಪಾಸಿಂಗ್, ಅಂದ್ರೆ ಆಯಿಲ್ ಒಳಗೊಳಗೇ ಸೋರೋದು. ಜೋರಾಗಿ ತುಳಿದ್ರೆ ಪ್ರೆಶರಿಗೆ ಪಿಸ್ಟನ್ ಮೇಲಿರೋ ರಬ್ಬರ್ ಕಪ್ಪಿನ ಅಂಚು ಬೋರಿಗೆ (ಸಿಲಿಂಡರ್ ಒಳಗೋಡೆಗೆ) ಅಂಟ್ಕೊಳ್ಳುತ್ತೆ, ಮೆತ್ತಗೆ ತುಳಿದ್ರೆ ಆಯಿಲ್ ಅದರ ಪಕ್ಕದಲ್ಲೇ ನುಸುಳಿ ವಾಪಸ್ ಹೋಗುತ್ತೆ, ಹಂಗಾಗಿ ಟ್ರಯಲ್ ಪಾಸು.

ಬಿಚ್ಚಿ ನೋಡಿದ್ರೆ ಕಪ್ಪಿನ ಅಂಚು ಒಂದು ಕಡೆ ಸೀಳಿತ್ತು, ಬೋರಿನ ಆ ತುದೀಲಿ ಸಣ್ಣ ಸಣ್ಣ ಗುಂಡಿ. ದಿನಾ ಓಡ್ಸುವಾಗ ಪಿಸ್ಟನ್ ಆ ತುದಿಗೆ ಹೋಗಲ್ಲ, ಕೊಳೆ ಅಲ್ಲೇ ಕೂರುತ್ತೆ. ಏರ್ ತೆಗೆಯುವಾಗ ಹುಡುಗರು ಪೆಡಲ್ ನೆಲಕ್ಕೆ ಮುಟ್ಟಿಸಿ ಪಂಪ್ ಹೊಡೀತಾರಲ್ಲ, ಆಗ ಕಪ್ ಆ ಒರಟಿನ ಮೇಲೆ ಹೋಗಿ ತರ್ಕೊಳ್ಳುತ್ತೆ, ಇದ್ದ ರೋಗ ಇನ್ನೂ ಜಾಸ್ತಿ. ಹಳೇ ಗಾಡಿಗೆ ಪೆಡಲ್ ಕೆಳಗೆ ಮರದ ತುಂಡು ಇಟ್ಟೇ ಪಂಪ್ ಹೊಡೀಬೇಕು, ಎಷ್ಟು ಸಲ ಹೇಳಿದ್ರೂ ಯಾರೂ ಇಡಲ್ಲ.

ಆಫೀಸಿಂದ ಬರೀ ರಬ್ಬರ್ ಕಿಟ್ ಹಾಕಿ ಕಳ್ಸಿ ಅಂದ್ರು. ಗುಂಡಿ ಬಿದ್ದ ಬೋರಿಗೆ ಹೊಸ ರಬ್ಬರ್ ಹಾಕಿದ್ರೆ ಅದೂ ಕಿತ್ತೋಗುತ್ತೆ. ಮೇಷ್ಟ್ರನ್ನೇ ಒಳಗೆ ಕರ್ದು ಟಾರ್ಚ್ ಬಿಟ್ಟು ಬೋರ್ ತೋರಿಸ್ದೆ, ಅವರು ಮಾತಾಡ್ದೆ ಪೂರ್ತಿ ಹೊಸ ಸಿಲಿಂಡರ್ ಅಸೆಂಬ್ಲಿಗೆ ಒಪ್ಪಿದ್ರು. ಆಯಿಲ್ ಪೂರ್ತಿ ಹೊಸದು, ಅದೂ ಸೀಲ್ ಒಡೆದ ಡಬ್ಬಿದಲ್ಲ. ಡಾಟ್ 3 ದರ್ಜೆ ಬ್ರೇಕ್ ಆಯಿಲ್ ಹೊಸದಾದ್ರೆ 205 ಡಿಗ್ರಿವರೆಗೂ ಕುದಿಯಲ್ಲ, ನೀರು ಹೀರ್ಕೊಂಡ್ರೆ 140ಕ್ಕೆ ಇಳಿಯುತ್ತೆ, ಘಾಟೀಲಿ ಬ್ರೇಕ್ ಮೇಲೇ ಇಳಿಯೋರಿಗೆ ಅದು ಸಾಲಲ್ಲ.

ಅವತ್ತು ಸಂಜೆ ನಂಗೆ ಸಿಕ್ಕಿದ್ದು ಲೇಟ್ ಡೆಲಿವರಿ ಅಂತ ಬೈಗುಳ. ಬಿಲ್ಲಲ್ಲಿ ಬಿಚ್ಚೋದಕ್ಕೆ ಲೇಬರ್ ಇದೆ, ಹಾಕೋದಕ್ಕೆ ಇದೆ, ಪತ್ತೆ ಹಚ್ಚೋ ಟೈಮಿಗೆ ಒಂದು ಕಾಲಮ್ಮೂ ಇಲ್ಲ. ಆ ಕಾಲಮ್ ಹಾಕ್ಸಿ ಅಂತ ಮತ್ತೆ ಮತ್ತೆ ಕೇಳ್ತಾನೇ ಇದ್ದೀನಿ.