ಅರೆದಷ್ಟೂ ಮಂಕಾಗುವ ಪುಡಿ: ಬಾಲ್ ಮಿಲ್ ಕಡತದಿಂದ

ತಾಮ್ರ ಬೆರೆತ ಜಿಂಕ್ ಸಲ್ಫೈಡ್ ಎಂಬ ಹೊಳೆಯುವ ಪುಡಿಯನ್ನು ಬಾಲ್ ಮಿಲ್‌ನಲ್ಲಿ, ಅಂದರೆ ಗಟ್ಟಿ ಚೆಂಡುಗಳು ತುಂಬಿದ ಜಾರನ್ನು ತಿರುಗಿಸಿ ಅರೆಯುವ ಯಂತ್ರದಲ್ಲಿ, ಅರೆದರೆ ಅದರ ಹಸಿರು ಬೆಳಕು ಕುಗ್ಗುತ್ತದೆ ಎಂಬುದು ಹೊಳೆಯುವ ಪುಡಿಗಳ ಹವ್ಯಾಸದವರಿಗೆ ಹೊಸ ಸಂಗತಿಯಲ್ಲ. ಕುಗ್ಗಿಸುವುದು ಯಾವುದು ಎಂಬ ಪ್ರಶ್ನೆಯೇ ನನ್ನನ್ನು ಇಷ್ಟು ಕಾಲ ಸತಾಯಿಸಿದ್ದು; ಈಗ ನಂಬಬಹುದಾದ ಉತ್ತರ ಸಿಕ್ಕಿದೆ. ಮಿಲ್ಲಿನ ವೇಗ, ಚೆಂಡು-ಪುಡಿಯ ಅನುಪಾತ ಎಂದಿನವೇ ಆದ್ದರಿಂದ ಬಿಟ್ಟಿದ್ದೇನೆ.

ಸಂಶಯ ಎರಡು ಕಡೆಗಿತ್ತು. ಒಂದು, ಪೆಟ್ಟು: ಚೆಂಡುಗಳ ಹೊಡೆತಕ್ಕೆ ಸ್ಫಟಿಕದ ಪದರಗಳು ಜಾರಿ ವುರ್ಟ್ಜೈಟ್ ರಚನೆ ಸ್ಫ್ಯಾಲರೈಟ್‌ನತ್ತ ವಾಲುತ್ತದೆ (ಎರಡೂ ಜಿಂಕ್ ಸಲ್ಫೈಡಿನ ಸ್ಫಟಿಕ ರೂಪಗಳೇ), ಹೊಸದಾಗಿ ಒಡೆದ ಮೇಲ್ಮೈಗಳಲ್ಲಿ ಎಲೆಕ್ಟ್ರಾನುಗಳೂ ಅವು ಬಿಟ್ಟುಹೋದ ಖಾಲಿ ಜಾಗಗಳಾದ ‘ರಂಧ್ರ’ಗಳೂ ಬೆಳಕು ಕೊಡದೆ ಕೂಡಿ ಶಾಖವಾಗಿ ಕಳೆದುಹೋಗುತ್ತವೆ. ಇನ್ನೊಂದು, ಉಕ್ಕಿನ ಜಾರ್ ಸವೆದು ಪುಡಿಗೆ ಬೆರೆಯುವ ಕಬ್ಬಿಣ. ಜಿಂಕ್ ಸಲ್ಫೈಡಿನ ಬೆಳಕನ್ನು ನಂದಿಸುವುದರಲ್ಲಿ ಕಬ್ಬಿಣ, ಕೋಬಾಲ್ಟ್, ನಿಕಲ್ ಮೂರೂ ಕುಖ್ಯಾತ. 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚಿನಡಿ ಎರಡೂ ಒಂದೇ ಬಗೆಯಲ್ಲಿ ಕಾಣಿಸುತ್ತವೆ: ರೋಹಿತದಲ್ಲಿ 520 ನ್ಯಾನೋಮೀಟರ್ ಆಸುಪಾಸಿನ ಹಸಿರು ಉಬ್ಬು ತಗ್ಗುತ್ತದೆ. (ಕಣ ಚಿಕ್ಕದಾದರೆ ಬಣ್ಣ ನೀಲಿಯತ್ತ ಸರಿಯಬೇಕಲ್ಲವೇ ಎನ್ನುವವರಿಗೆ: ಅದಕ್ಕೆ ಕಣ ಕೆಲವೇ ನ್ಯಾನೋಮೀಟರಿಗೆ ಇಳಿಯಬೇಕು. ನನ್ನ ಮಿಲ್ಲಿಗೆ ಆ ಯೋಗವಿಲ್ಲ.)

ಹೋಲಿಕೆಗಾಗಿ ಕಬ್ಬಿಣವಿಲ್ಲದ, ಪಿಂಗಾಣಿಯಂಥ ಜಿರ್ಕೋನಿಯಾದ ಜಾರ್, ಚೆಂಡುಗಳನ್ನು ತರಿಸಿದೆ. ಮೊದಲು ಬಂದ ಚೀಲದ ಕೆಲವು ಚೆಂಡುಗಳು ಅಯಸ್ಕಾಂತಕ್ಕೆ ಅಂಟಿಕೊಂಡವು. ‘ಗಟ್ಟಿಯಾಗಿವೆಯಲ್ಲ’ ಎಂಬುದೇ ಮಾರಿದವರ ಸಮಜಾಯಿಷಿ. ಅಸಲಿ ಚೆಂಡುಗಳು ಬಂದ ಮೇಲೆ ಅರೆದು ನೋಡಿದರೆ ಎರಡೂ ಜಾರುಗಳ ಪುಡಿ ಹೆಚ್ಚುಕಡಿಮೆ ಒಂದೇ ಸಮ ಮಂಕಾಗಿತ್ತು, ಅಂದರೆ ಮೊದಲ ಹೊಡೆತ ಪೆಟ್ಟಿನದೇ.

ವ್ಯತ್ಯಾಸ ಬಯಲಾದದ್ದು ಕುಲುಮೆಯಲ್ಲಿ: ಪೆಟ್ಟಿಗೆ ಕೆಟ್ಟ ಸ್ಫಟಿಕ ಕಾಯಿಸಿದರೆ ಚೇತರಿಸಿಕೊಳ್ಳಬೇಕು, ಬೆರೆತ ಕಬ್ಬಿಣ ಮಾತ್ರ ಉಳಿಯಬೇಕು. ಗಾಳಿ ತಗುಲಿದರೆ ಸಲ್ಫೈಡ್ ಆಕ್ಸೈಡಾಗುವ ಕಾರಣ, ಮುಚ್ಚಿದ ಚಿಕ್ಕ ಮೂಸೆಯನ್ನು ಇದ್ದಿಲು ತುಂಬಿದ ದೊಡ್ಡ ಮೂಸೆಯೊಳಗೆ ಹೂತು 700 ಡಿಗ್ರಿಗೆ ಕಾಯಿಸಿದೆ. ಜಿರ್ಕೋನಿಯಾದ ಪುಡಿ ಬಹುಪಾಲು ಬೆಳಕನ್ನು ಮರಳಿ ಪಡೆಯಿತು. ಉಕ್ಕಿನದು ಬೂದಿಯಂತೆ ಕುಳಿತಿತ್ತು. ಆಮೇಲೆ ಉಕ್ಕಿನಲ್ಲಿ ಅರೆದ ಇನ್ನೊಂದು ಪಾಲನ್ನು ಕಾಯಿಸುವ ಮೊದಲೇ ತೆಳು ಅಸಿಟಿಕ್ ಆಮ್ಲದಲ್ಲಿ ನೆನೆಸಿಟ್ಟೆ. ಜಿಂಕ್ ಸಲ್ಫೈಡ್ ಅದರಲ್ಲಿ ಕರಗುವುದಿಲ್ಲ, ಕಬ್ಬಿಣ ಕರಗುತ್ತದೆ. ಪುಡಿಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದು, ಬೂದು ಬಣ್ಣ ನಿಧಾನವಾಗಿ ತಿಳಿಯಾಯಿತು. ತೊಳೆದು, ಒಣಗಿಸಿ, ಕಾಯಿಸಿದರೆ ಹಸಿರು ಮರಳಿತು! ಕಾಯಿಸಿದ ಮೇಲೆ ಅದೇ ಆಮ್ಲದಲ್ಲಿ ತೊಳೆದ ಪಾಲು ಮಾತ್ರ ಜಪ್ಪಯ್ಯ ಎನ್ನಲಿಲ್ಲ, ಏಕೆಂದರೆ ಅಷ್ಟರಲ್ಲಿ ಕಬ್ಬಿಣ ಸ್ಫಟಿಕದೊಳಗೆ ನುಗ್ಗಿ ಸತುವಿನ ಜಾಗ ಹಿಡಿದಿರುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಿಂದ ಬೇಗ ಮುಗಿಸೋಣವೆಂದು ಯಾರೂ ಹೊರಡಬೇಡಿ. ಹೊಮ್ಮುವುದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ.

ಇದರ ನಡುವೆಯೇ ಮುಂದಿನ ಹುಚ್ಚು ತಲೆಗೇರಿದೆ. ಮ್ಯಾಂಗನೀಸ್ ಬೆರೆತ ಜಿಂಕ್ ಸಲ್ಫೈಡ್ ಗೀರಿದರೆ ಸಾಕು, ಕಿತ್ತಳೆ ಬೆಳಕು ಚೆಲ್ಲುತ್ತದೆ. ಹಾಗಿದ್ದರೆ ಅದನ್ನು ಅರೆಯುವಾಗ ಜಾರಿನ ಒಳಗೆ ಪ್ರತಿ ಪೆಟ್ಟಿಗೂ ಮಿಂಚಬೇಕು, ಅದೇ ಪೆಟ್ಟು ಪುಡಿಯ ಬೆಳಕನ್ನು ಕೆಡಿಸುತ್ತಲೂ ಇರಬೇಕು. ಅದನ್ನು ನೋಡಲು ಪಾರದರ್ಶಕ ಕಿಂಡಿ ಬೇಕು: ಅಕ್ರಿಲಿಕ್ ಗೀಚಿಹೋಗುತ್ತದೆ, ಗಾಜು ಒಡೆಯುತ್ತದೆ. ಮುಚ್ಚಳಕ್ಕೆ ದಪ್ಪನೆಯ ಕ್ವಾರ್ಟ್ಜ್ ಬಿಲ್ಲೆ ಕೂರಿಸುವ ನಕ್ಷೆ ಬಿಡಿಸುತ್ತಿದ್ದೇನೆ.